ರೇಬೀಸ್: ವೈರಾಣು ಸಂಶೋಧನೆ ಮತ್ತು ಲಸಿಕೆ

ರೇಬೀಸ್ ಸಸ್ತನಿಗಳ ನರಮಂಡಲಕ್ಕೆ ತಗಲುವ ವೈರಾಣು ರೋಗ. ಹುಚ್ಚುನಾಯಿ ರೋಗ, ಜಲಭಯ ರೋಗ ಎಂಬ ಹೆಸರುಗಳೂ ರೂಢಿಯಲ್ಲಿವೆ. ಭಾರತದಲ್ಲಿ ಮನುಷ್ಯರಿಗೆ ಇದು ಬರುವುದು ಬಹುಪಾಲು ನಾಯಿ ಕಡಿತದಿಂದಲೇ. ಬೆಕ್ಕು, ಮಂಗ, ನರಿ, ಮುಂಗುಸಿಗಳಿಂದಲೂ ಅಪರೂಪಕ್ಕೆ ಬರುವುದುಂಟು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಉಳಿದವರು ಬೆರಳೆಣಿಕೆಯಷ್ಟು ಮಂದಿ. ಕಚ್ಚಿಸಿಕೊಂಡ ಕೂಡಲೇ ಗಾಯ ತೊಳೆದು ಲಸಿಕೆ, ಪ್ರತಿಕಾಯಗಳಿರುವ ಸೀರಮ್ ಸರಿಯಾಗಿ ಪಡೆದವರಲ್ಲಿ ಸತ್ತವರೂ ಅಷ್ಟೇ ಅಪರೂಪ. ಆದ್ದರಿಂದ ರೇಬೀಸ್ ಸಂಶೋಧನೆಯ ಚರಿತ್ರೆಯಲ್ಲಿ ಲಸಿಕೆ ಕಂಡುಹಿಡಿದದ್ದು ಒಂದು ಭಾಗ ಮಾತ್ರ. ಆ ಲಸಿಕೆಯ ಅಪಾಯ ಕಳೆದು, ಬೆಲೆ ಇಳಿಸಿ, ದೂರದ ಊರಿನ ದವಾಖಾನೆಗೆ ಮುಟ್ಟಿಸಲು ನೂರು ವರ್ಷಕ್ಕೂ ಮಿಕ್ಕಿ ನಡೆದ ದುಡಿಮೆ ಅದಕ್ಕಿಂತ ದೊಡ್ಡ ಭಾಗ. ಕರ್ನಾಟಕದ ವಿಜ್ಞಾನಿಗಳ ಹೆಸರು ಮುಖ್ಯವಾಗಿ ಬರುವುದು ಈ ಎರಡನೆಯ ಭಾಗದಲ್ಲಿ.

ಪ್ರಯೋಗಾಲಯಕ್ಕೂ ಅಂಥ ದೂರದ ಊರಿಗೂ ನಡುವಿನ ಅಂತರ ಅಳೆಯಲು ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಕಣಗಲಾ ಒಳ್ಳೆಯ ನೆಲೆ. ಪುಣೆ–ಬೆಂಗಳೂರು ಹೆದ್ದಾರಿಯ ಆಸುಪಾಸಿನ ಈ ಊರು ಸಂಕೇಶ್ವರಕ್ಕೂ ಮಹಾರಾಷ್ಟ್ರದ ಗಡಿಗೂ ಹತ್ತಿರ. ರೇಬೀಸ್ ಖಚಿತಪಡಿಸುವ ರಾಜ್ಯದ ದೊಡ್ಡ ಪ್ರಯೋಗಾಲಯಗಳು ಇರುವ ಬೆಂಗಳೂರು ಇಲ್ಲಿಂದ ಐದುನೂರು ಕಿಲೊಮೀಟರಿಗೂ ಆಚೆ. ಹಿಂದುಸ್ತಾನ್ ಲೇಟೆಕ್ಸ್ ಎಂದು ಹೆಸರಾಗಿ ಈಗ ಎಚ್‌ಎಲ್‌ಎಲ್ ಲೈಫ್‌ಕೇರ್ ಆಗಿರುವ ಕೇಂದ್ರ ಸರ್ಕಾರದ ಉದ್ಯಮದ ಒಂದು ಕಾರ್ಖಾನೆ ಕಣಗಲಾದಲ್ಲಿದೆ. ಅಲ್ಲಿ ತಯಾರಾಗುವುದು ಮುಖ್ಯವಾಗಿ ಕುಟುಂಬ ಯೋಜನೆಯ ಸಾಧನಗಳು. ಅದೇ ಉದ್ಯಮದ ಅಂಗಸಂಸ್ಥೆ ತಮಿಳುನಾಡಿನ ಚೆಂಗಲಪಟ್ಟಿನಲ್ಲಿ ಕಟ್ಟಿದ ಲಸಿಕಾ ಸಂಕೀರ್ಣದ ಯೋಜನೆಯಲ್ಲಿ ರೇಬೀಸ್ ಲಸಿಕೆಯೂ ಸೇರಿತ್ತು. ಕಟ್ಟಡ ಎದ್ದರೂ ಉತ್ಪಾದನೆ ವರ್ಷಗಟ್ಟಲೆ ಶುರುವಾಗಲಿಲ್ಲ ಎಂಬುದು ಬೇಸರದ ಸಂಗತಿ.

ವೈರಾಣು ಮತ್ತು ಅದರ ದಾರಿ

ರೇಬೀಸ್ ವೈರಾಣು ರ‍್ಯಾಬ್ಡೊವಿರಿಡೆ ಕುಟುಂಬದ ಲಿಸ್ಸಾವೈರಸ್ ಕುಲಕ್ಕೆ ಸೇರಿದ್ದು. ಬಂದೂಕಿನ ಗುಂಡಿನ ಆಕಾರದ ಈ ಕಣದೊಳಗೆ ಸುಮಾರು 12,000 ಅಕ್ಷರಗಳ ಒಂದೇ ಎಳೆಯ ಆರ್‌ಎನ್‌ಎ ಇದೆ. ಅದು ಸಂಕೇತಿಸುವುದು ಬರೀ ಐದು ಪ್ರೋಟೀನುಗಳನ್ನು. ಕಣದ ಹೊರಮೈಯಲ್ಲಿ ಮುಳ್ಳಿನಂತೆ ಚಾಚಿಕೊಂಡಿರುವ ಜಿ ಪ್ರೋಟೀನು ನರಕೋಶವನ್ನು ಹಿಡಿದುಕೊಳ್ಳುತ್ತದೆ. ದೇಹ ತಯಾರಿಸುವ ರಕ್ಷಕ ಪ್ರತಿಕಾಯಗಳು ಗುರಿಯಿಡುವುದೂ ಇದನ್ನೇ. ಹೀಗಾಗಿ ಹಳೆಯ ಲಸಿಕೆ ಇರಲಿ ಹೊಸದಿರಲಿ, ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಜಿ ಪ್ರೋಟೀನಿನ ಬಳಿಯೇ.

ಜೊಲ್ಲಿನೊಂದಿಗೆ ಗಾಯದೊಳಗೆ ಇಳಿದ ವೈರಾಣು ಕೆಲಕಾಲ ಸ್ನಾಯುವಿನಲ್ಲೇ ಉಳಿಯಬಹುದು. ಆಮೇಲೆ ನರದ ತುದಿಯೊಳಗೆ ಹೊಕ್ಕು, ನರತಂತುವಿನ ಒಳಸಾಗಣೆಯನ್ನೇ ಬಳಸಿಕೊಂಡು ಬೆನ್ನುಹುರಿಯತ್ತ, ಅಲ್ಲಿಂದ ಮಿದುಳಿನತ್ತ ಏರುತ್ತದೆ. ರಕ್ತದಲ್ಲಿ ಅದು ಹೆಚ್ಚುಕಡಿಮೆ ಸಿಗುವುದೇ ಇಲ್ಲ. ನರದೊಳಗೆ ಸೇರಿದ ಮೇಲೆ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೂ ಬೀಳುವುದಿಲ್ಲ. ಕಡಿತಕ್ಕೂ ಲಕ್ಷಣಕ್ಕೂ ನಡುವಿನ ಅವಧಿ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಮುಖ, ತಲೆ, ಕೈಬೆರಳುಗಳ ಕಡಿತದಲ್ಲಿ ಇದು ಬಹಳ ಕಡಿಮೆಯಾಗಬಹುದು, ಅಪರೂಪಕ್ಕೆ ವರ್ಷ ದಾಟಲೂಬಹುದು. ಕಚ್ಚಿದ ಮೇಲೆ ಕೊಟ್ಟ ಲಸಿಕೆ ಫಲಿಸುವುದಕ್ಕೆ ಈ ಬಿಡುವೇ ಕಾರಣ. ಹೆಚ್ಚಿನ ರೋಗಗಳ ಲಸಿಕೆ ಸೋಂಕಿಗೆ ಮೊದಲೇ ಬೇಕಾದರೆ, ಇಲ್ಲಿ ವೈರಾಣು ಮೈಯೊಳಗೆ ಸೇರಿದ ಮೇಲೂ ಅದು ಮಿದುಳು ಮುಟ್ಟುವುದಕ್ಕಿಂತ ಮುಂಚೆ ಪ್ರತಿಕಾಯಗಳನ್ನು ಎಬ್ಬಿಸಿ ನಿಲ್ಲಿಸಲು ಸಾಧ್ಯ.

ವೈರಾಣುವಿನ ಹೊರಕವಚ ಕೊಬ್ಬಿನದು, ಸಾಬೂನಿಗೆ ಕರಗುತ್ತದೆ. ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಕಾಲು ಗಂಟೆ ತೊಳೆಯಬೇಕೆಂಬ ನಿಯಮದ ಹಿಂದಿರುವುದು ಈ ರಸಾಯನಶಾಸ್ತ್ರವೇ. ಅದಕ್ಕೆ ಬದಲಾಗಿ ಖಾರದ ಪುಡಿ, ಸುಣ್ಣ, ಅರಿಶಿನ ಮೆತ್ತುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಖಾರ, ಸುಣ್ಣ ಗಾಯವನ್ನು ಕೆರಳಿಸುತ್ತವೆ, ತೊಳೆಯಬೇಕಾದ ಹೊತ್ತೂ ಕಳೆದುಹೋಗುತ್ತದೆ. ಎಮ್ಮೆಗೋ ಆಕಳಿಗೋ ಹುಚ್ಚುನಾಯಿ ಕಚ್ಚಿದರೆ ಹಾಲು ಕುಡಿದ ಮನೆಮಂದಿಯೆಲ್ಲ ಸೂಜಿಗೆ ಓಡುವುದೂ ಸಾಮಾನ್ಯ. ಕಾಯಿಸಿದ ಹಾಲಿನಲ್ಲಿ ಈ ವೈರಾಣು ಉಳಿಯುವುದಿಲ್ಲ. ರೋಗ ತಗಲಿದ ದನದ ಬಾಯಿಗೆ ಕೈಹಾಕಿ ಗಂಟಲು ನೋಡಿದವರಿಗೆ ಮಾತ್ರ ಅಪಾಯ ನಿಜವಾದದ್ದು.

ಪ್ಯಾರಿಸ್, ಕಸೌಲಿ, ಕೂನೂರು

1885ರ ಜುಲೈ 6ರಂದು ಲೂಯಿ ಪಾಶ್ಚರ್ ಅಲ್ಸೇಸಿನಿಂದ ಬಂದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ತನ್ನ ಲಸಿಕೆ ಕೊಡಿಸಲು ಶುರುಮಾಡಿದ. ಎಮಿಲ್ ರೂ ಜೊತೆಗೂಡಿ ರೂಪಿಸಿದ ವಿಧಾನ ಅದು: ರೋಗದಿಂದ ಸತ್ತ ಮೊಲದ ಬೆನ್ನುಹುರಿಯನ್ನು ಗಾಜಿನ ಸೀಸೆಯೊಳಗೆ ತೂಗುಹಾಕಿ ಒಣಗಿಸುವುದು, ಒಣಗಿದಷ್ಟೂ ವೈರಾಣು ದುರ್ಬಲವಾಗುವುದರಿಂದ ಹೆಚ್ಚು ಒಣಗಿದ್ದರಿಂದ ಮೊದಲುಮಾಡಿ ದಿನದಿನಕ್ಕೆ ಹಸಿಯಾದದ್ದನ್ನು ಚುಚ್ಚುವುದು. ವೈರಾಣು ಎಂದರೇನೆಂದು ಆಗ ಯಾರಿಗೂ ತಿಳಿದಿರಲಿಲ್ಲ. ರೋಗಕಾರಕ ಸೂಕ್ಷ್ಮ ಸೋಸುಕದೊಳಗಿಂದಲೂ ಹಾದುಹೋಗುತ್ತದೆಂದು ರೆಮ್ಲಿಂಜರ್ ತೋರಿಸಿದ್ದು 1903ರಲ್ಲಿ. ಅದೇ ವರ್ಷ ಇಟಲಿಯ ಅಡೆಲ್ಕಿ ನೆಗ್ರಿ, ಸತ್ತ ಪ್ರಾಣಿಗಳ ಮಿದುಳಿನ ನರಕೋಶಗಳಲ್ಲಿ ಗುಂಡಗಿನ ಕಾಯಗಳನ್ನು ಕಂಡ. ‘ನೆಗ್ರಿ ಕಾಯಗಳು’ ಮುಂದೆ ಅರ್ಧ ಶತಮಾನ ರೇಬೀಸ್ ಗುರುತಿಸುವ ಮುಖ್ಯ ಕುರುಹಾಗಿದ್ದವು.

ಭಾರತದಲ್ಲಿ ಮೊದಲ ಪಾಶ್ಚರ್ ಸಂಸ್ಥೆ ತೆರೆದದ್ದು 1900ರಲ್ಲಿ, ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ. ಬೆಳಗಾವಿ ಸೀಮೆಯಲ್ಲಿ ಆಗ ಹುಚ್ಚುನಾಯಿ ಕಚ್ಚಿಸಿಕೊಂಡವನಿಗೆ ಪಾಶ್ಚರ್ ಚಿಕಿತ್ಸೆ ಇದ್ದದ್ದು ಸುಮಾರು ಎರಡು ಸಾವಿರ ಕಿಲೊಮೀಟರ್ ಆಚೆ ಎಂದಾಯಿತು. ದಕ್ಷಿಣಕ್ಕೊಂದು ಸಂಸ್ಥೆ ಬರಲು ಒಂದು ಸಾವು ಕಾರಣವಾಯಿತು: 1902ರಲ್ಲಿ ಲಿಲಿ ಪಾಕೆನ್‌ಹ್ಯಾಮ್-ವಾಲ್ಶ್ ಎಂಬ ತರುಣಿ ರೇಬೀಸಿನಿಂದ ತೀರಿಕೊಂಡಳು. ಅಮೆರಿಕದ ಹೆನ್ರಿ ಫಿಪ್ಸ್ ವೈಸ್‌ರಾಯ್ ಕರ್ಜನ್‌ಗೆ ಕೊಟ್ಟ ದೇಣಿಗೆಯ ಒಂದು ಭಾಗದಿಂದ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ಶುರುವಾಯಿತು. ಮೈಸೂರು ಸೀಮೆಯವರಿಗೆ ಚಿಕಿತ್ಸೆ ಹತ್ತಿರ ಬಂತು. ಮುಂಬಯಿ ಪ್ರಾಂತದೊಳಗಿದ್ದ ಬೆಳಗಾವಿ, ಧಾರವಾಡ, ವಿಜಾಪುರದವರಿಗೆ ಮುಂದೆ ಪರೇಲ್‌ನ ಹಾಫ್‌ಕಿನ್ ಸಂಸ್ಥೆ ಆಸರೆಯಾಯಿತು. ಬೆಳಗಾವಿಯಲ್ಲೇ ಲಸಿಕೆ ತಯಾರಿಕೆ ಇರಲಿಲ್ಲವೆಂದಲ್ಲ. ಟಿಳಕವಾಡಿಯ ‘ವ್ಯಾಕ್ಸಿನ್ ಡಿಪೋ’ ಮೈದಾನ ಸಿಡುಬು ಲಸಿಕೆ ತಯಾರಾಗುತ್ತಿದ್ದ ಜಾಗ.

ರೋಗಿಯನ್ನು ಲಸಿಕೆಯ ಬಳಿಗೆ ಒಯ್ಯುವ ಬದಲು ಲಸಿಕೆಯನ್ನೇ ರೋಗಿಯ ಬಳಿಗೆ ಕಳಿಸುವಂತೆ ಮಾಡಿದವನು ಕಸೌಲಿಯ ಡೇವಿಡ್ ಸೆಂಪಲ್. ವೈರಾಣು ತುಂಬಿದ ಮಿದುಳಿನ ಅಂಗಾಂಶವನ್ನು ಅರೆದು ಕಾರ್ಬಾಲಿಕ್ ಆಮ್ಲದಲ್ಲಿ ಇಟ್ಟು ವೈರಾಣುವನ್ನು ಸಾಯಿಸುವ ಅವನ ವಿಧಾನ 1911ರಲ್ಲಿ ಬಂತು. ಸತ್ತ ವೈರಾಣುವಿನ ಲಸಿಕೆಯನ್ನು ಬಾಟಲಿಯಲ್ಲಿ ತುಂಬಿ ಜಿಲ್ಲಾ ಆಸ್ಪತ್ರೆಗೆ ಕಳಿಸಬಹುದಿತ್ತು. ಲಕ್ಷಾಂತರ ಜನ ಇದರಿಂದ ಬದುಕಿದರು. ಹೊಟ್ಟೆಯ ಚರ್ಮದಡಿಗೆ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ ಹಾಕಿಸಿಕೊಂಡ ನೆನಪು ಇಂದಿಗೂ ಹಿರಿಯರಲ್ಲಿದೆ. ಆ ಸೂಜಿಯ ಭಯದಿಂದಲೇ ಚಿಕಿತ್ಸೆ ಅರ್ಧಕ್ಕೆ ಬಿಟ್ಟವರೂ ಉಂಟು.

ನೋವಿಗಿಂತ ದೊಡ್ಡ ದೋಷ ಲಸಿಕೆಯ ಒಳಗಿತ್ತು. ಕುರಿಯ ಮಿದುಳಿನಿಂದ ತಯಾರಾದ ಅದರಲ್ಲಿ ನರಗಳ ಹೊದಿಕೆಯಾದ ಮಯಲಿನ್ ಹೇರಳ. ಕೆಲವರ ದೇಹ ಅದರ ವಿರುದ್ಧ ಎದ್ದು ತನ್ನದೇ ನರಗಳ ಮೇಲೆ ದಾಳಿಯಿಡುತ್ತಿತ್ತು. ಪಾರ್ಶ್ವವಾಯು ಬರುತ್ತಿತ್ತು, ಸಾವೂ ಸಂಭವಿಸುತ್ತಿತ್ತು. ರೇಬೀಸಿಗೆ ಹೆದರಿ ಬಂದವನಿಗೆ ಲಸಿಕೆಯೇ ಲಕ್ವ ತಂದ ಇಂಥ ರೋಗಿಗಳನ್ನು ನರವೈದ್ಯರು ದಶಕಗಳ ಕಾಲ ಕಂಡರು. ಇಂಥ ಲಸಿಕೆಗಳನ್ನು ಕೈಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಿಂದಲೇ ಹೇಳುತ್ತ ಬಂದರೂ ಭಾರತದಲ್ಲಿ ಇದರ ತಯಾರಿಕೆ ನಿಂತದ್ದು 2004ರ ಕೊನೆಗೆ. ಸರ್ಕಾರಿ ದವಾಖಾನೆಯಲ್ಲಿ ಅದು ಪುಕ್ಕಟೆ ಸಿಗುತ್ತಿತ್ತು, ಸುರಕ್ಷಿತವಾದದ್ದು ಔಷಧದಂಗಡಿಯಲ್ಲಿ ದುಬಾರಿ ಬೆಲೆಗೆ ಸಿಗುತ್ತಿತ್ತು. ಬಡವರು ಅಷ್ಟು ವರ್ಷ ಹಳೆಯ ಲಸಿಕೆಯ ಅಪಾಯ ಹೊರಬೇಕಾಗಿ ಬಂದದ್ದು ಅನ್ಯಾಯವೇ ಸರಿ.

ಕೋಶದಲ್ಲಿ ಬೆಳೆದ ಲಸಿಕೆ

ಮಿದುಳನ್ನೇ ಬಿಟ್ಟು ವೈರಾಣು ಬೆಳೆಸುವ ದಾರಿ ತೆರೆದದ್ದು ಅಂಗಾಂಶ ಕೃಷಿ. ಅಮೆರಿಕದ ವಿಸ್ಟಾರ್ ಸಂಸ್ಥೆಯಲ್ಲಿ ಹಿಲರಿ ಕೊಪ್ರೋವ್‌ಸ್ಕಿ, ಟಡೆವುಶ್ ವಿಕ್ಟರ್, ಸ್ಟ್ಯಾನ್ಲಿ ಪ್ಲಾಟ್‌ಕಿನ್ ಮಾನವ ಕೋಶಗಳಲ್ಲಿ ವೈರಾಣು ಬೆಳೆಸಿ ತಯಾರಿಸಿದ ಲಸಿಕೆ ಇರಾನಿನಲ್ಲಿ ಪರೀಕ್ಷೆಗೊಳಗಾಯಿತು. ಹುಚ್ಚು ತೋಳ, ನಾಯಿಗಳು ಕಚ್ಚಿದ 45 ಮಂದಿಗೆ ಲಸಿಕೆಯ ಜೊತೆ ಸೀರಮ್ ಕೊಟ್ಟಾಗ ಯಾರೂ ಸಾಯಲಿಲ್ಲವೆಂಬ ವರದಿ 1976ರಲ್ಲಿ ಬಂತು. ನರಾಂಗಾಂಶವಿಲ್ಲದ ಲಸಿಕೆ, ಹದಿನಾಲ್ಕರ ಬದಲು ತೋಳಿಗೆ ಐದಾರು ಸೂಜಿ. ಆದರೆ ಬೆಲೆ ವಿಪರೀತ. ಕೋಳಿ ಭ್ರೂಣದ ಕೋಶ ಮತ್ತು ಮಂಗದ ಮೂತ್ರಪಿಂಡದಿಂದ ಬಂದ ವೀರೋ ಕೋಶಗಳಲ್ಲಿ ಬೆಳೆಸಿದ ಲಸಿಕೆಗಳು 1980ರ ದಶಕದಲ್ಲಿ ಬಂದು ಬೆಲೆ ಕೊಂಚ ಇಳಿಯಿತು. ರ‍್ಯಾಬಿಪುರ್, ಅಭಯ್‌ರ‍್ಯಾಬ್, ಇಂಡಿರ‍್ಯಾಬ್ ಹೆಸರುಗಳು ಔಷಧದಂಗಡಿಯ ಕಪಾಟುಗಳಲ್ಲಿ ಪರಿಚಿತವಾದವು. ಅಭಯ್‌ರ‍್ಯಾಬ್ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್‌ನದು, ಇಂಡಿರ‍್ಯಾಬ್ ಭಾರತ್ ಬಯೋಟೆಕ್‌ನದು.

ಬೆಂಗಳೂರಿನ ಕೆಲಸ: ಚರ್ಮದೊಳಗಿನ ಸೂಜಿ

ಸ್ನಾಯುವಿಗೆ ಕೊಡುವ ಪದ್ಧತಿಯಲ್ಲಿ ಒಬ್ಬ ರೋಗಿಗೆ ಐದು ಪೂರ್ತಿ ವಯಲ್ ಬೇಕು. ಥಾಯ್ಲೆಂಡಿನ ರೆಡ್‌ಕ್ರಾಸ್ ಸಂಶೋಧಕರು 1980ರ ದಶಕದಲ್ಲಿ ಬೇರೆ ದಾರಿ ಹುಡುಕಿದರು. ಚರ್ಮದ ಪದರದೊಳಗೆ ಪ್ರತಿಜನಕವನ್ನು ಹಿಡಿದು ರೋಗನಿರೋಧಕ ವ್ಯವಸ್ಥೆಗೆ ಒಪ್ಪಿಸುವ ಕೋಶಗಳು ಒತ್ತಾಗಿವೆ. ಹಾಗಾಗಿ ಲಸಿಕೆಯನ್ನು ಅಲ್ಲಿಗೇ ಇಳಿಸಿದರೆ ಸ್ವಲ್ಪವೇ ಸಾಕು. ಎರಡೂ ತೋಳಿಗೆ 0.1 ಮಿಲಿಲೀಟರ್‌ನಂತೆ ನಿಗದಿತ ದಿನಗಳಲ್ಲಿ ಕೊಡುವ ಈ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1992ರಲ್ಲಿ ಒಪ್ಪಿತು.

ಇದು ಭಾರತದ ಲಸಿಕೆಗಳಿಗೆ, ಭಾರತದ ಜನರಿಗೆ ಹೊಂದುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದವರಲ್ಲಿ ಮುಂಚೂಣಿಯಲ್ಲಿದ್ದವರು ಬೆಂಗಳೂರಿನ ಎರಡು ಸಂಸ್ಥೆಗಳವರು: ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗದ ಎಸ್.ಎನ್. ಮಧುಸೂದನ, ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ಕಿಮ್ಸ್‌ನ ಎಂ.ಕೆ. ಸುದರ್ಶನ್ ಮತ್ತು ಡಿ.ಎಚ್. ಅಶ್ವತ್ಥನಾರಾಯಣ. ಕಿಮ್ಸ್ ಆಸ್ಪತ್ರೆಯ ರೇಬೀಸ್ ನಿರೋಧಕ ಕ್ಲಿನಿಕ್ಕಿಗೆ ದಿನವೂ ನಾಯಿ ಕಡಿತದವರು ಬರುತ್ತಿದ್ದರು; ರಕ್ತದಲ್ಲಿ ಎಷ್ಟು ರಕ್ಷಣೆ ಮೂಡಿದೆಯೆಂದು ಅಳೆಯುವ ಪರೀಕ್ಷೆ ನಿಮ್ಹಾನ್ಸ್‌ನಲ್ಲಿತ್ತು. ರೋಗಿಯ ರಕ್ತದ ಸೀರಮನ್ನು ಹಂತಹಂತವಾಗಿ ತೆಳ್ಳಗೆ ಮಾಡುತ್ತ, ಜೀವಂತ ವೈರಾಣುವಿನೊಂದಿಗೆ ಬೆರೆಸಿ ಕೋಶಗಳ ಮೇಲೆ ಬಿಟ್ಟು, ಎಷ್ಟು ತೆಳುವಾದರೂ ಅದು ವೈರಾಣುವನ್ನು ತಡೆಯುತ್ತದೆಂದು ನೋಡುವ ಪರೀಕ್ಷೆ ಇದು. ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಮಾನ ಅಥವಾ ಹೆಚ್ಚಿದ್ದರೆ ಲಸಿಕೆ ಫಲಿಸಿದೆ ಎಂದು ಲೆಕ್ಕ. 2000ರ ದಶಕದ ಮೊದಲ ವರ್ಷಗಳಲ್ಲಿ ಈ ತಂಡಗಳೂ ದೇಶದ ಬೇರೆ ಕೇಂದ್ರಗಳೂ ನಡೆಸಿದ ಅಧ್ಯಯನಗಳು, ಅಲ್ಪ ಪ್ರಮಾಣದ ಲಸಿಕೆ ಚರ್ಮದೊಳಗೆ ಹೋದರೆ ಎರಡು ವಾರದಲ್ಲಿ ಆ ಮಟ್ಟ ಮುಟ್ಟುತ್ತದೆಂದು ತೋರಿಸಿದವು. 2006ರ ಫೆಬ್ರವರಿಯಲ್ಲಿ ಭಾರತದ ಔಷಧ ನಿಯಂತ್ರಕರು ಅನುಮತಿ ಕೊಟ್ಟರು. 0, 3, 7 ಮತ್ತು 28ನೆಯ ದಿನ, ಪ್ರತಿ ಸಲ ಎರಡು ಕಡೆ. ಒಟ್ಟು ಎಂಟು ಸೂಜಿಗೆ 0.8 ಮಿಲಿಲೀಟರ್. ಅರ್ಧ ಮಿಲಿಲೀಟರಿನ ವಯಲ್ ಆದರೆ ಎರಡಕ್ಕೂ ಕಡಿಮೆ. ಕರ್ನಾಟಕದಿಂದ ಜಗತ್ತಿನ ವೈದ್ಯಕೀಯಕ್ಕೆ ಸಂದ ಉಪಯುಕ್ತ ಕೆಲಸಗಳ ಪಟ್ಟಿ ಮಾಡಿದರೆ ಇದಕ್ಕೆ ಮೇಲಿನ ಸಾಲಿನಲ್ಲೇ ಜಾಗ ಸಿಗಬೇಕು.

ಸೂಜಿ ಹಾಕುವ ರೀತಿಗೆ ಕೈ ಪಳಗಬೇಕು. ಇನ್ಸುಲಿನ್ ಸಿರಿಂಜಿನ ಸಣ್ಣ ಸೂಜಿಯನ್ನು ಚರ್ಮಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ, ತೂತು ಮೇಲ್ಮುಖವಾಗಿ ಹಿಡಿದು ಮೇಲ್ಪದರದೊಳಗೆ ತೂರಿಸಬೇಕು. ಸರಿಯಾಗಿ ಇಳಿದರೆ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಗುಳಿಗಳೊಂದಿಗೆ ಉಬ್ಬುತ್ತದೆ. ಉಬ್ಬಲಿಲ್ಲವೆಂದರೆ ಲಸಿಕೆ ಆಳಕ್ಕೆ ಹೋಯಿತೆಂದು ತಿಳಿದು ಪಕ್ಕದಲ್ಲಿ ಇನ್ನೊಮ್ಮೆ ಕೊಡಬೇಕು.

ಈ ಪದ್ಧತಿಗೂ ಒಂದು ಮಿತಿ ಇದೆ, ಅದು ಕಾಣುವುದು ಸಣ್ಣ ಊರಿನಲ್ಲಿ. ಒಡೆದ ವಯಲ್ ತಣ್ಣಗಿಟ್ಟರೂ ಆರರಿಂದ ಎಂಟು ಗಂಟೆಯೊಳಗೆ ಮುಗಿಸಬೇಕು. ದೊಡ್ಡ ನಗರದ ಆಸ್ಪತ್ರೆಯಲ್ಲಿ ಒಂದರ ಹಿಂದೊಂದು ರೋಗಿ ಬರುವುದರಿಂದ ಹನಿಯೂ ಪೋಲಾಗದು. ದಿನಕ್ಕೆ ಒಬ್ಬರು ಬಂದರೆ ಹೆಚ್ಚು ಎನ್ನುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಿಕ್ಕದ್ದನ್ನು ಚೆಲ್ಲಬೇಕಾಗುತ್ತದೆ, ಇಲ್ಲವೇ ರೋಗಿಯನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸುವ ಮನಸ್ಸಾಗುತ್ತದೆ. ಹುಕ್ಕೇರಿ, ಸಂಕೇಶ್ವರದ ಸುತ್ತಿನ ಕಬ್ಬಿನ ನಾಡಿನಲ್ಲಿ ಇನ್ನೊಂದು ತೊಡಕೂ ಉಂಟು. ಹಿರಣ್ಯಕೇಶಿಯಂಥ ಸಕ್ಕರೆ ಕಾರ್ಖಾನೆಗಳ ಹಂಗಾಮಿನಲ್ಲಿ ಕಬ್ಬು ಕಡಿಯಲು ಬರುವ ಗ್ಯಾಂಗು ಹೊಲದಿಂದ ಹೊಲಕ್ಕೆ ಜಾಗ ಬದಲಿಸುತ್ತದೆ. ಅವರ ಮಗುವಿಗೆ 28ನೆಯ ದಿನದ ಸೂಜಿ ಎಲ್ಲಿ, ಯಾರು ಹಾಕಬೇಕು? ಕಾಂಬೋಡಿಯಾದ ಪಾಶ್ಚರ್ ಸಂಸ್ಥೆಯ ಅಧ್ಯಯನವನ್ನು ಆಧರಿಸಿ, 0, 3, 7ನೆಯ ದಿನಗಳಲ್ಲೇ ಮುಗಿಯುವ ಒಂದು ವಾರದ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಒಪ್ಪಿದೆ. ಭಾರತದ 2019ರ ಮಾರ್ಗಸೂಚಿ ನಾಲ್ಕನೆಯ ಭೇಟಿಯನ್ನು ಉಳಿಸಿಕೊಂಡಿತು. ಅಲೆಮಾರಿ ಕೂಲಿಕಾರರ ಮಟ್ಟಿಗಾದರೂ ವಾರದ ಪದ್ಧತಿಯನ್ನು ಗಂಭೀರವಾಗಿ ಪರಿಗಣಿಸುವುದು ಅಗತ್ಯ.

ಸೀರಮ್ ಮತ್ತು ಪ್ರತಿಕಾಯಗಳು

ಲಸಿಕೆಯಿಂದ ಪ್ರತಿಕಾಯ ಮೂಡಲು ವಾರವಾದರೂ ಬೇಕು. ಮುಖಕ್ಕೆ, ಕುತ್ತಿಗೆಗೆ ಆಳವಾಗಿ ಕಚ್ಚಿದಾಗ ಅಷ್ಟು ಸಮಯ ಇರುವುದಿಲ್ಲ. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು 1954ರ ಇರಾನಿನ ಘಟನೆ. ಒಂದೇ ಹುಚ್ಚು ತೋಳ 29 ಮಂದಿಯನ್ನು ಕಚ್ಚಿತ್ತು. ತಲೆಗೆ ಗಾಯವಾದವರಲ್ಲಿ ಲಸಿಕೆ ಮಾತ್ರ ಪಡೆದ ಐವರಲ್ಲಿ ಮೂವರು ಸತ್ತರು. ಲಸಿಕೆಯ ಜೊತೆ ಪ್ರತಿಕಾಯವಿದ್ದ ಸೀರಮ್ ಪಡೆದ 13 ಮಂದಿಯಲ್ಲಿ ಸತ್ತವನು ಒಬ್ಬ. ಕುದುರೆಯ ಅಥವಾ ಮನುಷ್ಯರ ರಕ್ತದಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್ ಅಂದಿನಿಂದ ತೀವ್ರ ಕಡಿತದ ಚಿಕಿತ್ಸೆಯ ಅಂಗವಾಯಿತು.

ಅದು ದುಬಾರಿ, ಕೊರತೆಯೂ ನಿರಂತರ. ಶಿಮ್ಲಾದ ಡಾ. ಓಮೇಶ್ ಭಾರ್ತಿ ದೇಹದ ತೂಕಕ್ಕೆ ತಕ್ಕ ಪೂರ್ತಿ ಪ್ರಮಾಣವನ್ನು ಸ್ನಾಯುವಿಗೆ ಚುಚ್ಚುವ ಬದಲು, ಗಾಯದ ಸುತ್ತಮುತ್ತ ಹಿಡಿಯುವಷ್ಟನ್ನೇ ತುಂಬಿದರೆ ಸಾಕೆಂದು ತೋರಿಸಿದರು. ಒಬ್ಬನಿಗೆ ಬೇಕಾಗುತ್ತಿದ್ದ ಸೀರಮ್ಮಿನಲ್ಲಿ ಹಲವರು ಉಳಿಯುವಂತಾಯಿತು. 2018ರ ಜಾಗತಿಕ ಶಿಫಾರಸಿನಲ್ಲೂ ಇದೇ ನಿಲುವಿದೆ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಾಣಿಯ ರಕ್ತದ ಹಂಗು ಬಿಡಿಸುವ ಏಕತದ್ರೂಪಿ (ಮೊನೊಕ್ಲೋನಲ್) ಪ್ರತಿಕಾಯಗಳೂ ಭಾರತದಲ್ಲೇ ಮೊದಲು ಬಳಕೆಗೆ ಬಂದವು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಅಮೆರಿಕದ ಮ್ಯಾಸ್‌ಬಯೊಲಾಜಿಕ್ಸ್ ಜೊತೆ ರೂಪಿಸಿದ ರ‍್ಯಾಬಿಶೀಲ್ಡ್ ಇವುಗಳಲ್ಲಿ ಮೊದಲನೆಯದು. ಝೈಡಸ್‌ನ ಟ್ವಿನ್‌ರ‍್ಯಾಬ್‌ನಲ್ಲಿ ಎರಡು ಪ್ರತಿಕಾಯಗಳ ಮಿಶ್ರಣವಿದೆ.

ರೋಗ ಗುರುತಿಸುವುದು

ರೇಬೀಸ್ ಎಂದರೆ ನೀರು ಕಂಡರೆ ಬೆಚ್ಚುವ, ಗಂಟಲು ಹಿಡಿದುಕೊಳ್ಳುವ ರೋಗಿಯ ಚಿತ್ರವೇ ಜನರ ಮನಸ್ಸಿನಲ್ಲಿದೆ. ಐವರಲ್ಲಿ ಒಬ್ಬರಿಗೆ ಹಾಗಾಗುವುದಿಲ್ಲ. ಕಚ್ಚಿದ ಕಾಲಿನಿಂದ ಶುರುವಾದ ದೌರ್ಬಲ್ಯ ಮೇಲೇರುತ್ತದೆ, ಗಿಲಿಯನ್–ಬಾರೆ ಎಂಬ ಬೇರೆಯೇ ನರರೋಗವೆಂದು ವೈದ್ಯರು ತಿಳಿಯುತ್ತಾರೆ. ಈ ಪಾರ್ಶ್ವವಾಯು ರೂಪದ ಅಧ್ಯಯನದಲ್ಲಿ ನಿಮ್ಹಾನ್ಸ್‌ನ ರೋಗಶಾಸ್ತ್ರಜ್ಞರು, ಎಸ್.ಕೆ. ಶಂಕರ್ ಮತ್ತು ಅನಿತಾ ಮಹದೇವನ್, ವರ್ಷಗಟ್ಟಲೆ ದುಡಿದರು. ಸತ್ತವರ ಕುಟುಂಬಗಳು ದಾನ ಕೊಟ್ಟ ಅಂಗಾಂಶ ಸಂರಕ್ಷಿಸುವ ಅಲ್ಲಿನ ಮಿದುಳು ಬ್ಯಾಂಕ್ ಇಂಥ ಸಂಶೋಧನೆಗೆ ಬೆನ್ನೆಲುಬು.

ಖಚಿತ ಪರೀಕ್ಷೆ ಇಂದಿಗೂ ಸತ್ತ ಮೇಲೆಯೇ. ಮಿದುಳಿನ ಚೂರನ್ನು ಗಾಜಿನ ಸ್ಲೈಡಿಗೆ ಒತ್ತಿ, ಅಸಿಟೋನಿನಲ್ಲಿ ಹದಗೊಳಿಸಿ, ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯ ಹಾಕಿ ಕತ್ತಲ ಕೋಣೆಯಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟರೆ, ವೈರಾಣು ಇದ್ದೆಡೆ ಎಳೆ ಹಸಿರು ಚುಕ್ಕೆಗಳು ಬೆಳಗುತ್ತವೆ. 1958ರಲ್ಲಿ ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್ ತಂದ ಈ ವಿಧಾನಕ್ಕೆ ಹೊಳಪಿನ ಸೂಕ್ಷ್ಮದರ್ಶಕ ಬೇಕು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ನೋಡಬಹುದಾದ ಪರೀಕ್ಷೆಯನ್ನು ಬಳಕೆಗೆ ತರುವ ಕೆಲಸದಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಶ್ರೀಕೃಷ್ಣ ಇಸಳೂರು ಅವರ ಪ್ರಯೋಗಾಲಯ ತೊಡಗಿದೆ. ಬದುಕಿರುವ ರೋಗಿಯ ಜೊಲ್ಲು, ಕತ್ತಿನ ಹಿಂಬದಿಯ ಚರ್ಮ, ಬೆನ್ನುಹುರಿಯ ದ್ರವದಲ್ಲಿ ವೈರಾಣು ಹುಡುಕುವ ಆಣ್ವಿಕ ಪರೀಕ್ಷೆಗಳನ್ನು ನಿಮ್ಹಾನ್ಸ್‌ನಲ್ಲಿ ರೀಟಾ ಮಣಿ ಮತ್ತು ಸಹೋದ್ಯೋಗಿಗಳು ಬೆಳೆಸಿದ್ದಾರೆ. ಆದರೆ ಗುರುತಿಸಿದ ಮಾತ್ರಕ್ಕೆ ರೋಗಿ ಉಳಿಯುವುದಿಲ್ಲ. 2004ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಲಸಿಕೆಯಿಲ್ಲದೆ ಒಬ್ಬ ಹುಡುಗಿ ಬದುಕುಳಿದ ಮೇಲೆ ಆಕೆಗೆ ಕೊಟ್ಟ ಚಿಕಿತ್ಸೆಯನ್ನೇ ಹಲವರಿಗೆ ಮಾಡಿ ನೋಡಿದರೂ ಹೆಚ್ಚಿನ ಫಲ ಸಿಗಲಿಲ್ಲ. ಭಾರತದಲ್ಲೂ ಉಳಿದವರ ಕೆಲವು ಪ್ರಕರಣಗಳು ದಾಖಲಾಗಿವೆ. ಹೆಚ್ಚಿನವರು ಲಸಿಕೆ ಸ್ವಲ್ಪವಾದರೂ ಪಡೆದವರು, ತೀವ್ರ ನರದೌರ್ಬಲ್ಯದೊಂದಿಗೆ ಉಳಿದವರು.

ಹೊಸ ಲಸಿಕೆಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ಎನ್. ರಂಗರಾಜನ್ ತಂಡ, ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆ ಸೇರಿ, ಜಿ ಪ್ರೋಟೀನಿನ ಡಿಎನ್‌ಎ ಮತ್ತು ಅಲ್ಪ ಪ್ರಮಾಣದ ಸತ್ತ ವೈರಾಣುವನ್ನು ಬೆರೆಸಿದ ಲಸಿಕೆ ರೂಪಿಸಿತು. ಎರಡೂ ಬೇರೆಬೇರೆಯಾಗಿ ಕೊಟ್ಟದ್ದಕ್ಕಿಂತ ಬೆರೆತಾಗ ಹೆಚ್ಚು ರಕ್ಷಣೆ ಬಂತೆಂದು 2001ರಲ್ಲಿ ಪ್ರಕಟವಾಯಿತು. ಕ್ಯಾಡಿಲಾ ಫಾರ್ಮಾಸ್ಯುಟಿಕಲ್ಸ್ 2022ರಲ್ಲಿ ಬಿಡುಗಡೆ ಮಾಡಿದ ಥ್ರ‍್ಯಾಬಿಸ್, ಜಿ ಪ್ರೋಟೀನನ್ನು ನ್ಯಾನೊಕಣಗಳ ರೂಪದಲ್ಲಿ ಕೊಡುವ ಮೂರು ಡೋಸಿನ ಲಸಿಕೆ. ಕೋವಿಡ್ ಕಾಲದಲ್ಲಿ ಹೆಸರಾದ ಎಂಆರ್‌ಎನ್‌ಎ ತಂತ್ರವೂ ಸಾಂಕ್ರಾಮಿಕ ರೋಗದ ಲಸಿಕೆಯಾಗಿ ಆರೋಗ್ಯವಂತರ ಮೇಲೆ ಮೊದಲು ಪರೀಕ್ಷೆಗೊಂಡದ್ದು ರೇಬೀಸಿಗೇ, 2013ರಲ್ಲಿ, ಜರ್ಮನಿಯಲ್ಲಿ.

ಸಾವಿನ ಲೆಕ್ಕ ಮತ್ತು ನಾಯಿ

ಭಾರತದಲ್ಲಿ ರೇಬೀಸಿನಿಂದ ವರ್ಷಕ್ಕೆ ಸುಮಾರು 20,000 ಜನ ಸಾಯುತ್ತಾರೆಂಬ ಬಹುಕಾಲ ಬಳಕೆಯಲ್ಲಿದ್ದ ಅಂದಾಜು ಕಿಮ್ಸ್ ತಂಡ ಮುಂದೆ ನಿಂತು ನಡೆಸಿದ 2003ರ ರಾಷ್ಟ್ರೀಯ ಸಮೀಕ್ಷೆಯದು. 2022–23ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 60 ಜಿಲ್ಲೆಗಳಲ್ಲಿ ನಡೆಸಿದ ಸಮೀಕ್ಷೆ ಈ ಸಂಖ್ಯೆಯನ್ನು 5,726ಕ್ಕೆ ಇಳಿಸಿತು. ಪ್ರಾಣಿ ಕಡಿತ ವರ್ಷಕ್ಕೆ 91 ಲಕ್ಷ, ಮುಕ್ಕಾಲು ಪಾಲು ನಾಯಿಗಳದು; ನಾಯಿ ಕಚ್ಚಿಸಿಕೊಂಡ ಐವರಲ್ಲಿ ಒಬ್ಬರು ಲಸಿಕೆಯನ್ನೇ ಪಡೆದಿರಲಿಲ್ಲ. ಕರ್ನಾಟಕ 2022ರ ಡಿಸೆಂಬರಿನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಆಸ್ಪತ್ರೆಗೆ ಮುಟ್ಟದೆ ಮನೆಯಲ್ಲೇ ಸತ್ತವರು ಆ ಪಟ್ಟಿಗೂ ಸಿಗುವುದು ಕಷ್ಟ.

ಮನುಷ್ಯರಿಗೆ ಎಷ್ಟೇ ಲಸಿಕೆ ಕೊಟ್ಟರೂ ನಾಯಿಗಳಲ್ಲಿ ವೈರಾಣು ಸುತ್ತುತ್ತಲೇ ಇರುತ್ತದೆ. ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಹಾಕಿದರೆ ಸರಪಳಿ ತುಂಡಾಗುತ್ತದೆಂದು ಕೋಲ್ಮನ್ ಮತ್ತು ಡೈ 1996ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನಾಯಿಗಳನ್ನು ಕೊಲ್ಲುವುದರಿಂದ ಇದು ಸಾಧ್ಯವಾಗದು. ಖಾಲಿಯಾದ ಜಾಗಕ್ಕೆ ಲಸಿಕೆಯಿಲ್ಲದ ಹೊಸ ನಾಯಿಗಳು ಬಂದು ಸೇರುತ್ತವೆ. ಈ ಲೆಕ್ಕವನ್ನು ಬೀದಿಗಿಳಿಸಿ ಪರೀಕ್ಷಿಸಿದ್ದು ಬೆಳಗಾವಿ ಜಿಲ್ಲೆಗೆ ತಾಗಿಕೊಂಡಿರುವ ಗೋವಾ. ಮಿಷನ್ ರೇಬೀಸ್ ಸಂಸ್ಥೆ ಸರ್ಕಾರದೊಂದಿಗೆ ಸೇರಿ ಊರೂರಿನಲ್ಲಿ ಬಲೆ ಬೀಸಿ ನಾಯಿಗಳನ್ನು ಹಿಡಿದು ಸೂಜಿ ಹಾಕಿ ಬಿಟ್ಟಿತು, ಪ್ರತಿಯೊಂದು ನಾಯಿಯನ್ನೂ ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಿತು, ಶಾಲಾ ಮಕ್ಕಳಿಗೆ ಪಾಠ ಹೇಳಿತು, ಶಂಕಿತ ನಾಯಿಯ ಸುದ್ದಿ ಬಂದಲ್ಲಿಗೆ ಓಡಿತು. ವರ್ಷಕ್ಕೆ 95,000ದಷ್ಟು ನಾಯಿಗಳಿಗೆ ಲಸಿಕೆ ಬಿತ್ತು. 2018ರಿಂದೀಚೆ ಅಲ್ಲಿ ಮನುಷ್ಯರ ರೇಬೀಸ್ ಸಾವು ನಿಂತಿತು, ನಾಯಿಗಳ ರೋಗ ನೂರಕ್ಕೆ 92ರಷ್ಟು ಇಳಿಯಿತು ಎಂದು 2022ರಲ್ಲಿ ವರದಿಯಾಯಿತು. ಗಡಿಯಾಚೆಯಿಂದ ಬರುವ ಸೋಂಕಿನ ಅಪಾಯ ಮಾತ್ರ ಗೋವಾಕ್ಕೆ ಉಳಿದೇ ಇದೆ, ಏಕೆಂದರೆ ಸುತ್ತಲಿನ ಜಿಲ್ಲೆಗಳಲ್ಲಿ ಅಂಥ ಅಭಿಯಾನ ಆ ಪ್ರಮಾಣದಲ್ಲಿ ಇನ್ನೂ ನಡೆದಿಲ್ಲ. ಒಂದು ಸಣ್ಣ ರಾಜ್ಯದಲ್ಲಿ ಆದದ್ದು, ಎರಡು ರಾಜ್ಯಗಳ ಗಡಿಯಲ್ಲಿರುವ, ಹಳ್ಳಿಗಳು ದೂರದೂರ ಚೆದುರಿರುವ ಬೆಳಗಾವಿಯಂಥ ದೊಡ್ಡ ಜಿಲ್ಲೆಯಲ್ಲಿ ಹೇಗೆ ಆಗಬೇಕು, ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯೊಂದಿಗೆ ಒಂದೇ ವೇಳೆಗೆ ಅದನ್ನು ನಡೆಸುವುದು ಹೇಗೆ ಎಂಬುದು ಈ ಕ್ಷೇತ್ರದ ಸಂಶೋಧಕರ ಮುಂದಿರುವ ಕೆಲಸ.